ಘಟ್ಟ ಇಳಿಯುವ ಸ್ಪೋರ್ಟ್ಸ್ ಕಾರಿಗೆ ಬ್ರೇಕ್ ಪ್ಯಾಡ್ ಆರಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಹಾಸನ ಸೀಮೆಯಲ್ಲಿ ವೇಗದ ಕಾರು ಇಟ್ಟುಕೊಂಡವರು ಬ್ರೇಕ್ ಪ್ಯಾಡ್, ಅಂದರೆ ಗಾಲಿಯ ಜೊತೆ ತಿರುಗುವ ಲೋಹದ ಡಿಸ್ಕನ್ನು ಒತ್ತಿ ಹಿಡಿಯುವ ತುಂಡುಗಳ ವಿಷಯದಲ್ಲಿ ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಾರೆ. ಮೊದಲು ಬ್ರ್ಯಾಂಡ್ ಗೊತ್ತುಮಾಡಿಕೊಳ್ಳುತ್ತಾರೆ. ತಮ್ಮ ಕಾರಿಗೆ ಅದು ಕೂರುತ್ತದೆಯೇ ಎಂದು ಆಮೇಲೆ ವಿಚಾರಿಸುತ್ತಾರೆ. ತಮ್ಮ ರಸ್ತೆಗೆ ಹೊಂದುತ್ತದೆಯೇ ಎಂಬುದು ಗೊತ್ತಾಗುವುದು ಘಟ್ಟದ ಮೊದಲ ಇಳಿಜಾರಿನಲ್ಲಿ. ರೇಸ್ ಓಟಕ್ಕೆಂದು ಮಾಡಿದ ಟ್ರ್ಯಾಕ್ ಪ್ಯಾಡ್ ಹಾಕಿಸಿಕೊಂಡವರಿಗೆ ಡಿಸೆಂಬರಿನ ಬೆಳಗ್ಗೆ ಮೊದಲ ತಿರುವಿನಲ್ಲೇ ಬ್ರೇಕ್ ಹಿಡಿಯುವುದಿಲ್ಲ. ಗಾಲಿಗೆ ಮಸಿ ಕೂರದ ಮೆದು ಪ್ಯಾಡ್ ಹಾಕಿಸಿಕೊಂಡವರಿಗೆ ಮುಳ್ಳಯ್ಯನಗಿರಿಯಿಂದ ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ.

ಸರಿಯಾದ ಕ್ರಮ ಇದರ ತದ್ವಿರುದ್ಧ. ಮೊದಲು ಈಗಿನ ದೋಷ ಯಾವುದು ಎಂದು ತಿಳಿಯಬೇಕು, ಆಮೇಲೆ ಡಿಸ್ಕ್ ಮತ್ತು ಬ್ರೇಕ್ ಆಯಿಲ್ ನೋಡಬೇಕು, ರಸ್ತೆ ಕೊಡುವ ಬಿಸಿಯ ಲೆಕ್ಕ ಹಾಕಬೇಕು, ಅದಕ್ಕೆ ತಕ್ಕ ಮಿಶ್ರಣ (ಪ್ಯಾಡ್ ಯಾವುದರಿಂದ ಮಾಡಿದ್ದು ಎಂಬುದು) ಆರಿಸಬೇಕು, ಆಕಾರದ ನಂಬರ್ ಹೊಂದಿಸಬೇಕು. ಬ್ರ್ಯಾಂಡಿನ ಮಾತು ಎಲ್ಲಕ್ಕಿಂತ ಕೊನೆಗೆ. ಪೋರ್ಷೆ 718 ಆಗಲಿ, ಮಿನಿ ಕೂಪರ್ ಎಸ್, ಆಕ್ಟೇವಿಯಾ ಆರ್‌ಎಸ್ ಅಥವಾ ಪೋಲೊ ಜಿಟಿ ಆಗಲಿ, ಕ್ರಮ ಒಂದೇ.

ಕೈಯಲ್ಲಿರಬೇಕಾದ ಸಾಮಾನು

ಜಾಕ್, ಕಾರನ್ನು ಹೊರುವ ಎರಡು ಸ್ಟ್ಯಾಂಡ್, ವೀಲ್ ಸ್ಪ್ಯಾನರ್, ಟಾರ್ಚ್, ಡಿಸ್ಕಿನ ದಪ್ಪ ಅಳೆಯಲು ಮೈಕ್ರೋಮೀಟರ್, ಪ್ಯಾಡಿನ ದಪ್ಪಕ್ಕೆ ಸಣ್ಣ ಸ್ಕೇಲ್, ಬ್ರೇಕ್ ಕ್ಲೀನರ್ ಸ್ಪ್ರೇ, ಹತ್ತಿಬಟ್ಟೆ, ಫೋನಿನ ಕ್ಯಾಮೆರಾ. ಇಷ್ಟಿದ್ದರೆ ಆಯ್ಕೆಗೆ ಬೇಕಾದ ತಪಾಸಣೆ ಮನೆಯಲ್ಲೇ ಮುಗಿಯುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ. ತೋಟದ ಮನೆಯ ಮಣ್ಣಿನ ಅಂಗಳದಲ್ಲಿ ಜಾಕ್ ಹೂತು ಹೋಗುತ್ತದೆ, ಅಡಿಗೆ ದಪ್ಪ ಹಲಗೆ ಕೊಡಿ.

ಬ್ರೇಕಿನ ಮಸಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹೆಸರಿಲ್ಲದ ಅಗ್ಗದ ಪ್ಯಾಡ್‌ಗಳಲ್ಲಿ ಏನೇನು ಬೆರೆತಿರುತ್ತದೆ ಎಂದು ಯಾರೂ ಹೇಳಲಾರರು. ಕ್ಲೀನರ್ ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಂತ 1: ಪೆಡಲ್ ಏನು ಹೇಳುತ್ತಿದೆ ನೋಡಿ

"ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ" ಎಂಬ ದೂರಿನೊಳಗೆ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಅದನ್ನು ಬಿಡಿಸಿಕೊಳ್ಳದೆ ಪ್ಯಾಡ್ ಕೊಂಡರೆ ದುಡ್ಡು ಹೋಗುತ್ತದೆ, ಕಾಯಿಲೆ ಉಳಿಯುತ್ತದೆ.

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಲ್ಲುತ್ತಿಲ್ಲ, ಜೊತೆಗೆ ಸುಟ್ಟ ವಾಸನೆ ಇದೆ ಎಂದಾದರೆ ಅದು ಪ್ಯಾಡ್ ಫೇಡ್. ಪ್ಯಾಡು ತನ್ನ ಬಿಸಿಯ ಮಿತಿ ದಾಟಿದೆ. ಇದಕ್ಕೆ ಮಿಶ್ರಣ ಬದಲಿಸುವುದೇ ಮದ್ದು.

ಪೆಡಲ್ ಮೆತ್ತಗಾಗುತ್ತ ಕೆಳಗೆ ಇಳಿಯುತ್ತಿದೆ, ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬರುತ್ತದೆ ಎಂದಾದರೆ ಬ್ರೇಕ್ ಆಯಿಲ್ ಕುದ್ದಿದೆ. ಆಯಿಲ್ ಕುದಿದಾಗ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಡವನ್ನು ಸಾಗಿಸುತ್ತದೆ, ಆವಿ ಕುಗ್ಗಿಬಿಡುತ್ತದೆ. ಇಂಥ ಕಾರಿಗೆ ಜಗತ್ತಿನ ಅತಿ ದುಬಾರಿ ಪ್ಯಾಡ್ ಹಾಕಿದರೂ ಪ್ರಯೋಜನವಿಲ್ಲ. ಪ್ಯಾಡ್ ಬಿಸಿ ತಡೆದಷ್ಟೂ ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ ಎಂಬ ಭರವಸೆಯಲ್ಲಿ ಚಾಲಕ ಇನ್ನೂ ಜೋರಾಗಿ ಬ್ರೇಕ್ ಹಿಡಿಯುತ್ತಾನೆ, ಆಯಿಲ್ ಇನ್ನೂ ಬೇಗ ಕುದಿಯುತ್ತದೆ.

ಕಾರು ತಣ್ಣಗಿದ್ದಾಗಲೂ ಪೆಡಲ್ ಮೆತ್ತಗಿದ್ದರೆ ಗಾಳಿ ಸೇರಿರಬಹುದು, ಎಲ್ಲೋ ಸೋರುತ್ತಿರಬಹುದು, ಇಲ್ಲವೇ ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಹೋಗಿರಬಹುದು. ಇದು ಪ್ಯಾಡಿನ ಕೆಲಸವಲ್ಲ. ಇಂಥ ಕಾರನ್ನು ಘಟ್ಟಕ್ಕೆ ಒಯ್ಯಬೇಡಿ, ನೇರ ಗ್ಯಾರೇಜಿಗೆ ಒಯ್ಯಿರಿ.

ಹೊಸ ಪ್ಯಾಡ್ ಹಾಕಿದ ವಾರದೊಳಗೆ ಮಾತ್ರ ಕಾಣಿಸುವ ಇನ್ನೊಂದು ಫೇಡ್ ಇದೆ. ಪ್ಯಾಡಿನೊಳಗಿನ ರಾಳ ಮೊದಲ ಸಲ ಜೋರಾಗಿ ಬಿಸಿಯಾದಾಗ ಅನಿಲ ಬಿಡುತ್ತದೆ, ಆ ಅನಿಲ ಪ್ಯಾಡ್ ಮತ್ತು ಡಿಸ್ಕ್ ನಡುವೆ ಪದರದಂತೆ ಕೂರುತ್ತದೆ. ಹಂತ 9ರಲ್ಲಿ ಹೇಳಿರುವ ಪಳಗಿಸುವ ಕೆಲಸ ಬಿಟ್ಟವರಿಗೆ ಬರುವ ತೊಂದರೆ ಇದು.

ಹಂತ 2: ಹಳೆಯ ಪ್ಯಾಡ್ ಎಸೆಯುವ ಮೊದಲು ಓದಿ

ಮುಂದಿನ ಎರಡೂ ಗಾಲಿ ಬಿಚ್ಚಿ ನಾಲ್ಕೂ ಪ್ಯಾಡ್ ಸಾಲಾಗಿ ಇಡಿ. ಒಳಗಿನದು, ಹೊರಗಿನದು, ಎಡ, ಬಲ ಎಂದು ಚಾಕ್‌ಪೀಸಿನಲ್ಲಿ ಗುರುತು ಹಾಕಿ ಫೋಟೊ ತೆಗೆಯಿರಿ. ಹೊಸ ಪ್ಯಾಡಿನ ಉಜ್ಜುವ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. ಲೋಹದ ಹಿಂಬದಿ ಪ್ಲೇಟ್ ಬಿಟ್ಟು ಅಳೆದಾಗ 3 ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಹೊತ್ತು. ಘಟ್ಟದಲ್ಲೇ ಓಡಾಡುವವರು 4 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು. ಪದರ ತೆಳುವಾದಷ್ಟೂ ಡಿಸ್ಕಿನ ಬಿಸಿ ಪ್ಯಾಡನ್ನು ಒತ್ತುವ ಪಿಸ್ಟನ್‌ಗೆ, ಅಲ್ಲಿಂದ ಆಯಿಲಿಗೆ ಬೇಗ ಏರುತ್ತದೆ.

ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬಹಳ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆ ಎಂದು ಅರ್ಥ. ನಮ್ಮ ಮಳೆ, ಕೆಸರಿಗೆ ಪಿನ್ನಿನ ರಬ್ಬರ್ ಹರಿದು ನೀರು ಒಳಗೆ ಹೋಗುವುದು ಮಲೆನಾಡಿನ ಕಾರುಗಳಲ್ಲಿ ಸಾಮಾನ್ಯ ದೃಶ್ಯ. ಪ್ಯಾಡ್ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ತೆಳ್ಳಗೆ ಓರೆಯಾಗಿ ಸವೆದಿದ್ದರೂ ಪಿನ್, ಪಿಸ್ಟನ್ ಇಲ್ಲವೇ ಪ್ಯಾಡ್ ಕೂರುವ ಜಾಗದ ತುಕ್ಕನ್ನು ಅನುಮಾನಿಸಿ. ಇವನ್ನು ಸರಿಮಾಡದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಇನ್ನು ಮೇಲ್ಮೈ. ಗಾಜಿನಂತೆ ಹೊಳೆಯುತ್ತಿದ್ದರೆ ಪ್ಯಾಡ್ ಬಿಸಿಗೆ ಸೋತಿದೆ. ಅಂಚು ಬೂದಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತಿದ್ದರೆ ರಾಳವೇ ಸುಟ್ಟಿದೆ, ಇನ್ನೂ ಹೆಚ್ಚಿನ ಬಿಸಿ ತಡೆಯುವ ಮಿಶ್ರಣ ಬೇಕು. ಇದ್ಯಾವುದೂ ಇಲ್ಲದೆ ಸಮನಾಗಿ ಸವೆದಿದ್ದರೆ, ಪೆಡಲಿನಲ್ಲೂ ದೂರಿಲ್ಲದಿದ್ದರೆ, ಕಂಪನಿ ಕೊಟ್ಟ ಪ್ಯಾಡೇ ನಿಮಗೆ ಸರಿಯಾದ ಪ್ಯಾಡ್. ಅದನ್ನೇ ಮತ್ತೆ ಹಾಕಿಸಿ. ಈ ಉತ್ತರ ಬಹಳ ಜನರಿಗೆ ಸಪ್ಪೆ ಎನಿಸಿದರೂ ಬಹಳ ಜನರಿಗೆ ಸರಿಯಾದ ಉತ್ತರ ಇದೇ.

ಹಂತ 3: ಡಿಸ್ಕ್ ಮತ್ತು ಬ್ರೇಕ್ ಆಯಿಲ್

ಡಿಸ್ಕಿನ ನಡುಭಾಗದ ಮೇಲೋ ಅಂಚಿನಲ್ಲೋ "ಮಿನ್ ಟಿಎಚ್" ಎಂದು ಕೆತ್ತಿ ಒಂದು ಅಂಕಿ ಹಾಕಿರುತ್ತಾರೆ. ಡಿಸ್ಕ್ ಅದಕ್ಕಿಂತ ತೆಳುವಾಗಬಾರದು. ವರ್ನಿಯರ್‌ನಲ್ಲಿ ಅಳೆಯುವವರು ಮೋಸಹೋಗುತ್ತಾರೆ, ಏಕೆಂದರೆ ಸವೆಯದೆ ಉಳಿದ ಹೊರ ಅಂಚಿನ ಏಣು ವರ್ನಿಯರಿಗೆ ಸಿಕ್ಕಿ ಡಿಸ್ಕ್ ಇನ್ನೂ ದಪ್ಪಗಿದೆ ಎಂದು ತೋರಿಸುತ್ತದೆ. ಮೈಕ್ರೋಮೀಟರ್ ಇಟ್ಟು, ಪ್ಯಾಡ್ ಉಜ್ಜುವ ಪಟ್ಟಿಯ ನಡುವೆ, ಆರೆಂಟು ಕಡೆ ಅಳೆಯಿರಿ. ಮಿತಿಗೆ ಇನ್ನು ಒಂದು ಮಿಲಿಮೀಟರ್ ಕೂಡ ಉಳಿದಿಲ್ಲವಾದರೆ ಹೊಸ ಪ್ಯಾಡ್ ಸವೆಯುವ ಮೊದಲೇ ಡಿಸ್ಕ್ ಮುಗಿಯುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ.

ತೂತು ಕೊರೆದ ಡಿಸ್ಕ್ ಇದ್ದರೆ ಪ್ರತಿ ತೂತಿನ ಸುತ್ತ ಟಾರ್ಚ್ ಬಿಟ್ಟು ಬಿರುಕು ಹುಡುಕಿ. ಬಿರುಕು ಒಂದು ತೂತಿನಿಂದ ಇನ್ನೊಂದಕ್ಕೆ, ಇಲ್ಲವೇ ಅಂಚಿನವರೆಗೆ ಹೋಗಿದ್ದರೆ ಆ ಡಿಸ್ಕ್ ಕಸಕ್ಕೆ. ನೀಲಿಗಟ್ಟಿದ ಕಲೆಗಳು ಅತಿ ಬಿಸಿಯ ಗುರುತು.

ಪೋರ್ಷೆಯಂಥ ಕಾರುಗಳಲ್ಲಿ ಹಳದಿ ಕ್ಯಾಲಿಪರ್ ಇದ್ದರೆ ಅದು ಬಹುಮಟ್ಟಿಗೆ ಸೆರಾಮಿಕ್ ಡಿಸ್ಕಿನ ಗುರುತು. ಅಂಥ ಡಿಸ್ಕಿಗೆ ಅದಕ್ಕೆಂದೇ ತಯಾರಾದ ಪ್ಯಾಡ್ ಮಾತ್ರ ಹಾಕಬೇಕು. "ಸೆರಾಮಿಕ್ ಪ್ಯಾಡ್" ಎಂದು ಅಂಗಡಿಯಲ್ಲಿ ಸಿಗುವುದು ಎರಕದ ಕಬ್ಬಿಣದ ಡಿಸ್ಕಿಗೆ ಮಾಡಿದ್ದು. ಹೆಸರು ಒಂದೇ ಎಂದು ಹಾಕಿಸಿದರೆ ಪ್ಯಾಡಿಗಿಂತ ಎಷ್ಟೋ ಪಟ್ಟು ಬೆಲೆಯ ಡಿಸ್ಕ್ ಹಾಳಾಗುತ್ತದೆ.

ಬ್ರೇಕ್ ಆಯಿಲ್ ನೀರು ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ, ನೀರು ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಒದ್ದೆಯಾಗುವ ಮೂಡಿಗೆರೆ, ಸಕಲೇಶಪುರದಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವ ನಿಯಮವನ್ನು ಮೀರಲೇಬೇಡಿ. ವೇಗವಾಗಿ ಓಡಿಸುವವರು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸಿದರೆ ಇನ್ನೂ ಸರಿ. ಒಂದು ಎಚ್ಚರಿಕೆ: ಡಾಟ್ 5 ಎಂಬುದು ಸಿಲಿಕೋನ್ ಆಯಿಲ್. ಡಾಟ್ 5.1ಕ್ಕೂ ಅದಕ್ಕೂ ಸಂಬಂಧವಿಲ್ಲ, ಒಂದಕ್ಕೊಂದು ಬೆರೆಸಬಾರದು.

ಹಂತ 4: ನಿಮ್ಮ ರಸ್ತೆಯ ಬಿಸಿ ಎಷ್ಟು?

ಬ್ರೇಕ್ ಮಾಡುವ ಕೆಲಸ ಒಂದೇ, ಚಲನೆಯನ್ನು ಬಿಸಿಯಾಗಿ ಪರಿವರ್ತಿಸುವುದು. ಹಾಗಾಗಿ ಪ್ಯಾಡಿನ ಆಯ್ಕೆ ಎಂದರೆ ಬಿಸಿಯ ಲೆಕ್ಕ.

ಚಾಲಕನೂ ಸೇರಿ 1,500 ಕೆ.ಜಿ. ತೂಕದ ಕಾರನ್ನು 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 580 ಕಿಲೋಜೂಲ್ ಶಕ್ತಿ ಬಿಸಿಯಾಗುತ್ತದೆ. ಅದರಲ್ಲಿ ಶೇ. 70ರಷ್ಟು ಮುಂದಿನ ಬ್ರೇಕಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಒಂದೊಂದು 8 ಕೆ.ಜಿ. ತೂಗುವ ಎರಡು ಡಿಸ್ಕ್‌ಗಳು ಆ ಒಂದು ನಿಲುಗಡೆಗೆ ಹೆಚ್ಚುಕಡಿಮೆ 55 ಡಿಗ್ರಿ ಬಿಸಿಯೇರುತ್ತವೆ. ಬಯಲುಸೀಮೆಯ ರಸ್ತೆಯಲ್ಲಿ ಮುಂದಿನ ಬ್ರೇಕ್ ಹಿಡಿಯುವುದರೊಳಗೆ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ.

ಈಗ ಮುಳ್ಳಯ್ಯನಗಿರಿಯನ್ನು ತೆಗೆದುಕೊಳ್ಳಿ. ಶಿಖರದ ಎತ್ತರ 1,930 ಮೀಟರ್, ಚಿಕ್ಕಮಗಳೂರು ಪೇಟೆ ಇರುವುದು ಸುಮಾರು 1,090 ಮೀಟರ್‌ನಲ್ಲಿ. ವಾಹನ ನಿಲ್ಲುವ ಜಾಗದಿಂದ ಪೇಟೆಗೆ 750 ಮೀಟರ್ ಇಳಿಕೆ ಎಂದು ಲೆಕ್ಕಕ್ಕೆ ಹಿಡಿದರೆ, ಅದೇ ಕಾರು ಕಳೆದುಕೊಳ್ಳಬೇಕಾದ ಶಕ್ತಿ 11,000 ಕಿಲೋಜೂಲ್. ಅಂದರೆ 100 ಕಿ.ಮೀ. ವೇಗದಿಂದ 19 ಸಲ ನಿಲ್ಲಿಸಿದಷ್ಟು. ತಿರುವಿನಿಂದ ತಿರುವಿಗೆ ವೇಗ ಹೆಚ್ಚಿಸಿ ಮತ್ತೆ ಬ್ರೇಕ್ ಹಿಡಿಯುವ ಶಕ್ತಿ ಇದಕ್ಕೆ ಬೇರೆಯೇ ಸೇರುತ್ತದೆ. ಇಳಿಯುವ ವೇಗ ಕಡಿಮೆ ಇರುವುದರಿಂದ ಡಿಸ್ಕಿಗೆ ಬೀಸುವ ಗಾಳಿಯೂ ಕಡಿಮೆ.

ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರಬಲ್ಲದು, ಎರಡನೇ ಗೇರಿನಲ್ಲಿ ಇಳಿದರೆ. ಡಿಎಸ್‌ಜಿಯಂಥ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅನ್ನು 'ಡಿ'ಯಲ್ಲೇ ಬಿಟ್ಟು ಇಳಿಯುವವರ ಪ್ಯಾಡೇ ಹೆಚ್ಚಾಗಿ ಸುಡುವುದು. ಆ ಗೇರ್‌ಬಾಕ್ಸ್ ಪೆಟ್ರೋಲ್ ಉಳಿಸಲೆಂದು ಮೇಲಿನ ಗೇರಿಗೆ ಹೋಗುತ್ತದೆ, ಎಂಜಿನ್ ಹಿಡಿತ ತಪ್ಪುತ್ತದೆ. ಮ್ಯಾನ್ಯುವಲ್ ಮೋಡಿಗೆ ಹಾಕಿ ಗೇರ್ ಇಳಿಸಿಕೊಳ್ಳಿ. ಎಷ್ಟೋ ಕಾರುಗಳಲ್ಲಿ ಈ ಒಂದು ಬದಲಾವಣೆಯಿಂದಲೇ ಹೊಸ ಪ್ಯಾಡಿನ ಅಗತ್ಯ ತಪ್ಪುತ್ತದೆ.

ಈಗ ನಿಮ್ಮ ಓಡಾಟವನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ವಾರಪೂರ್ತಿ ಹಾಸನ ಪೇಟೆ, ತಿಂಗಳಿಗೊಮ್ಮೆ ಬೆಂಗಳೂರು ಹೆದ್ದಾರಿಯೇ? ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಿ ಬರುವುದೇ? ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುವುದೇ? ಗಿರಿ ರಸ್ತೆಯೇ? ಟ್ರ್ಯಾಕ್‌ಗೆ ಹೋಗುವುದು ವರ್ಷಕ್ಕೊಮ್ಮೆಯೇ, ಅಥವಾ ಹೋಗುವುದೇ ಇಲ್ಲವೇ? ವರ್ಷದ 360 ದಿನದ ರಸ್ತೆಗೆ ಪ್ಯಾಡ್ ಆರಿಸಿ. ಉಳಿದ ದಿನಗಳಿಗೆ ಬೇರೆ ಸೆಟ್ ಇಟ್ಟುಕೊಳ್ಳಬಹುದು.

ಹಂತ 5: ಮಿಶ್ರಣ ಆರಿಸುವುದು

ನಮ್ಮ ಸೀಮೆಯ ಪ್ಯಾಡಿಗೆ ಎರಡು ಗುಣ ಒಟ್ಟಿಗೆ ಬೇಕು: ಚಳಿಯಲ್ಲಿ, ಮಳೆಯಲ್ಲಿ ಮೊದಲ ತುಳಿತಕ್ಕೇ ಹಿಡಿಯಬೇಕು, ಉದ್ದದ ಇಳಿಜಾರಿನಲ್ಲಿ 400 ಡಿಗ್ರಿ ಮುಟ್ಟಿದರೂ ಬಿಡಬಾರದು. ಇವೆರಡರ ನಡುವೆ ಯಾವಾಗಲೂ ಜಗ್ಗಾಟವಿದೆ.

ಸಾವಯವ ಪ್ಯಾಡ್‌ಗಳು ಮೆದು, ಸದ್ದಿಲ್ಲ, ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುತ್ತವೆ, ಆದರೆ ಬಿಸಿಗೆ ಬೇಗ ಸೋಲುತ್ತವೆ. ವೇಗದ ಕಾರಿನ ಮುಂದಿನ ಬ್ರೇಕಿಗೆ, ಘಟ್ಟದ ರಸ್ತೆಗೆ ಇವು ಬೇಡ.

ರಸ್ತೆ ಬಳಕೆಯ ಸೆರಾಮಿಕ್ ಪ್ಯಾಡ್‌ಗಳು ಮಸಿ ಕಡಿಮೆ ಉದುರಿಸುತ್ತವೆ, ಡಿಸ್ಕನ್ನು ಕಡಿಮೆ ಸವೆಸುತ್ತವೆ. ಪೇಟೆ ಮತ್ತು ಹೆದ್ದಾರಿಗೆ ಒಳ್ಳೆಯವು. ಮೊದಲ ತುಳಿತದ ಕಚ್ಚು ಸ್ವಲ್ಪ ಮೆತ್ತಗಿರುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ.

ಕಡಿಮೆ ಲೋಹದ ಮಿಶ್ರಣ, ಅರೆಲೋಹದ ಮಿಶ್ರಣ ಎಂದು ಕರೆಯುವ ಪ್ಯಾಡ್‌ಗಳಲ್ಲಿ ಉಕ್ಕಿನ ಎಳೆ, ತಾಮ್ರ ಇತ್ಯಾದಿ ಬೆರೆತಿರುತ್ತದೆ. ಲೋಹ ಬಿಸಿಯನ್ನು ತಾಳುತ್ತದೆ, ಮಳೆಯಲ್ಲೂ ಹಿಡಿತ ಉಳಿಯುತ್ತದೆ. ಬದಲಿಗೆ ಗಾಲಿ ಕಪ್ಪಾಗುತ್ತದೆ, ಡಿಸ್ಕ್ ಬೇಗ ಸವೆಯುತ್ತದೆ, ಕೆಲವೊಮ್ಮೆ ಕಿರ್ ಎನ್ನುತ್ತದೆ. ಯೂರೋಪಿನ ವೇಗದ ಕಾರುಗಳಿಗೆ ಕಂಪನಿಯೇ ಹಾಕಿ ಕಳಿಸುವುದು ಹೆಚ್ಚಾಗಿ ಈ ಜಾತಿಯ ಪ್ಯಾಡ್. ಗಿರಿ, ಚಾರ್ಮಾಡಿ, ಶಿರಾಡಿಯಲ್ಲಿ ಓಡಾಡುವ ಕಾರಿಗೆ ನಾವು ಹೇಳುವುದೂ ಇದನ್ನೇ. ಇದರಲ್ಲೂ "ಫಾಸ್ಟ್ ರೋಡ್" ಎಂದು ಗುರುತಿಸುವ ವರ್ಗ ಸುಮಾರು 500 ಡಿಗ್ರಿವರೆಗೆ ತಾಳುತ್ತದೆ. ಫೆರೋಡೊ ಡಿಎಸ್2500 ಈ ಸಾಲಿನ ಪರಿಚಿತ ಹೆಸರು.

ಶುದ್ಧ ಟ್ರ್ಯಾಕ್ ಪ್ಯಾಡ್ ರಸ್ತೆಗೆ ಬೇಡವೇ ಬೇಡ. ಸರಿಯಾಗಿ ಹಿಡಿಯಲು ಅದಕ್ಕೆ ಮೊದಲೇ ಬಿಸಿ ಬೇಕು. ಜನವರಿಯ ಬೆಳಗ್ಗೆ ಕೈಮರದ ಬಳಿ ದನ ಅಡ್ಡ ಬಂದಾಗ ಡಿಸ್ಕ್ 15 ಡಿಗ್ರಿಯಲ್ಲಿರುತ್ತದೆ. ಆ ಹೊತ್ತಿನಲ್ಲಿ 700 ಡಿಗ್ರಿ ತಾಳುವ ಗುಣದಿಂದ ಏನೂ ಸಿಗುವುದಿಲ್ಲ.

ತಯಾರಕರು ಕೊಡುವ ಬಿಸಿ ಮತ್ತು ಘರ್ಷಣೆಯ ಗ್ರಾಫ್ ಸಿಕ್ಕರೆ ಎಡತುದಿ ಮೊದಲು ನೋಡಿ. ತುತ್ತತುದಿಯ ಗರಿಷ್ಠ ಅಂಕಿಗಿಂತ 50 ಡಿಗ್ರಿಯ ಹತ್ತಿರ ಗೆರೆ ಎಲ್ಲಿದೆ, ಅಲ್ಲಿಂದ 400ರವರೆಗೆ ಎಷ್ಟು ಸಮತಟ್ಟಾಗಿದೆ ಎಂಬುದು ಮುಖ್ಯ. ಏರಿಳಿತವಿರುವ ಪ್ಯಾಡಿನಲ್ಲಿ ಒಂದೊಂದು ತಿರುವಿಗೂ ಪೆಡಲ್ ಒಂದೊಂದು ಬಗೆ ಒತ್ತಬೇಕಾಗುತ್ತದೆ.

ಹಂತ 6: ಪ್ಯಾಡಿನ ಮೇಲಿನ ಅಕ್ಷರ ಓದುವುದು

ಅನೇಕ ಪ್ಯಾಡ್‌ಗಳ ಅಂಚಿನಲ್ಲೋ ಬೆನ್ನಿನಲ್ಲೋ ಒಂದು ಉದ್ದದ ಕೋಡ್ ಇರುತ್ತದೆ, ಅದರ ಕೊನೆಯಲ್ಲಿ ಎಫ್‌ಎಫ್, ಜಿಜಿ, ಎಫ್‌ಇ ಎಂಬಂಥ ಎರಡು ಇಂಗ್ಲಿಷ್ ಅಕ್ಷರ. ಮೊದಲನೆಯದು ಸಾಧಾರಣ ಬಿಸಿಯ ಘರ್ಷಣೆ, ಎರಡನೆಯದು ಸುಮಾರು 345 ಡಿಗ್ರಿವರೆಗಿನ ಹೆಚ್ಚಿನ ಬಿಸಿಯ ಘರ್ಷಣೆ. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55, ಎಚ್ ಎಂದರೆ 0.55ಕ್ಕಿಂತ ಹೆಚ್ಚು.

ಘಟ್ಟಕ್ಕೆ ಸುಲಭದ ನಿಯಮ: ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾಗಿರಬಾರದು. ಎಫ್‌ಇ ಎಂದಿದ್ದರೆ ಬಿಸಿಯಾದಂತೆ ಹಿಡಿತ ಕಳೆದುಕೊಳ್ಳುತ್ತದೆ ಎಂದು ಪ್ಯಾಡೇ ಹೇಳುತ್ತಿದೆ. ಎಫ್‌ಎಫ್ ಅಥವಾ ಜಿಜಿ ಇರಲಿ.

ಆದರೆ ಈ ಅಕ್ಷರಗಳನ್ನು ಗುಣಮಟ್ಟದ ಮುದ್ರೆ ಎಂದುಕೊಳ್ಳಬೇಡಿ. ಪರೀಕ್ಷೆಯ ಕೆಳಮಿತಿಯೇ 95 ಡಿಗ್ರಿಯ ಆಸುಪಾಸು, ಹಾಗಾಗಿ ಚಳಿಯ ಮೊದಲ ಬ್ರೇಕಿನ ಬಗ್ಗೆ ಅವು ಏನೂ ಹೇಳುವುದಿಲ್ಲ. ಬಾಳಿಕೆಯ ಬಗ್ಗೆಯೂ ಇಲ್ಲ. ಗುಣಮಟ್ಟಕ್ಕೆ ಇನ್ನೊಂದು ಗುರುತು ನೋಡಿ: ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ, ಪಕ್ಕದಲ್ಲಿ 90ಆರ್ ಎಂದು ಶುರುವಾಗುವ ನಂಬರ್. ಇದು ಯೂರೋಪಿನ ಆರ್90 ಮಾನ್ಯತೆ. ಮೂಲ ಪ್ಯಾಡಿನ ಕಾರ್ಯಕ್ಷಮತೆಯಿಂದ ಶೇ. 15ಕ್ಕಿಂತ ಆಚೀಚೆ ಹೋಗಬಾರದು ಎಂಬ ಪರೀಕ್ಷೆ ಪಾಸಾದ ರಸ್ತೆ ಪ್ಯಾಡಿಗೆ ಇದು ಸಿಗುತ್ತದೆ. ಗಾಲಿ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಹೊಂದಿಸಿರುವುದೇ ಮೂಲ ಪ್ಯಾಡಿನ ಹಿಡಿತಕ್ಕೆ. ಆದ್ದರಿಂದ ರಸ್ತೆ ಕಾರಿಗೆ ಈ ಗುರುತಿರುವ ಪ್ಯಾಡ್ ಸಿಕ್ಕರೆ ಅದನ್ನೇ ಆರಿಸಿ.

ಹಂತ 7: ನಿಮ್ಮ ಕಾರಿಗೆ ಕೂರುವ ಆಕಾರ

ಅಂಗಡಿಗೆ ಫೋನ್ ಮಾಡಿ "ಆಕ್ಟೇವಿಯಾಕ್ಕೆ ಫ್ರಂಟ್ ಪ್ಯಾಡ್ ಕೊಡಿ" ಎಂದರೆ ತಪ್ಪು ಪೆಟ್ಟಿಗೆ ಬರುವ ಸಾಧ್ಯತೆಯೇ ಹೆಚ್ಚು. ಒಂದೇ ಮಾಡೆಲಿನಲ್ಲಿ ಎಂಜಿನ್, ವರ್ಷ, ಪ್ಯಾಕೇಜ್ ನೋಡಿ ಎರಡು ಮೂರು ಬಗೆಯ ಕ್ಯಾಲಿಪರ್, ಡಿಸ್ಕ್ ಇರುತ್ತವೆ.

ಮೊದಲು ಛಾಸಿ ನಂಬರಿನಿಂದ ಮೂಲ ಪಾರ್ಟ್ ನಂಬರ್ ತೆಗೆಸಿ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಕಾರುಗಳಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲೋ ಸರ್ವಿಸ್ ಪುಸ್ತಕದಲ್ಲೋ ಅಂಟಿಸಿರುವ ಚೀಟಿಯಲ್ಲಿ, ಆ ಕಾರಿಗೆ ಯಾವ ಬಗೆಯ ಭಾಗ ಹಾಕಿದೆ ಎಂದು ಹೇಳುವ ಪಿಆರ್ ಕೋಡ್‌ಗಳಿರುತ್ತವೆ. ಮುಂದಿನ ಬ್ರೇಕಿನದು ಹೆಚ್ಚಾಗಿ 1ಝಡ್ ಅಥವಾ 1ಎಲ್ ಎಂದೂ ಹಿಂದಿನದು 1ಕೆ ಎಂದೂ ಶುರುವಾಗುತ್ತದೆ. ಅದರ ಫೋಟೊ ಅಂಗಡಿಯವರಿಗೆ ಕಳಿಸಿ.

ಆಮೇಲೆ ಹಳೆಯ ಪ್ಯಾಡಿನ ಬೆನ್ನಿನ ಮೇಲಿರುವ ಐದಂಕಿಯ ಡಬ್ಲ್ಯುವಿಎ ನಂಬರ್ ಬರೆದುಕೊಳ್ಳಿ. ಅದು ಆಕಾರದ ನಂಬರ್, ಕಂಪನಿ ಯಾವುದಾದರೂ ಆಕಾರಕ್ಕೆ ಅದೇ ನಂಬರ್ ಇರುತ್ತದೆ. ಅಮೆರಿಕದ ಪ್ಯಾಡ್‌ಗಳಲ್ಲಿ ಇದೇ ಕೆಲಸಕ್ಕೆ ಡಿ ಅಕ್ಷರದಿಂದ ಶುರುವಾಗುವ ನಂಬರ್ ಬರುತ್ತದೆ. ಕೊನೆಗೆ ಉದ್ದ, ಎತ್ತರ, ಪ್ಲೇಟ್ ಸೇರಿದ ದಪ್ಪ, ಕಿವಿಗಳ ಅಂತರ ಅಳೆದು ಹೊಸದರ ಜೊತೆ ಹೋಲಿಸಿ. ಮೂರೂ ಹೊಂದಿದರೆ ಮಾತ್ರ ಹಣ ಕೊಡಿ. "ಸ್ವಲ್ಪ ಗ್ರೈಂಡ್ ಮಾಡಿ ಕೂರಿಸಿಕೊಡ್ತೀನಿ" ಎಂದು ಮೆಕ್ಯಾನಿಕ್ ಹೇಳಿದರೆ ಅದು ತಪ್ಪು ಪ್ಯಾಡ್.

ಸವೆತದ ಸೆನ್ಸರ್ ಇರುವ ಕಾರುಗಳಲ್ಲಿ, ಅಂದರೆ ಬಿಎಂಡಬ್ಲ್ಯು, ಮಿನಿ, ಪೋರ್ಷೆಗಳಲ್ಲಿ, ಸೆನ್ಸರನ್ನೂ ಜೊತೆಗೇ ತರಿಸಿ. ಒಮ್ಮೆ ದೀಪ ಹತ್ತಿಸಿದ ಸೆನ್ಸರ್ ಸವೆದು ಹೋಗಿರುತ್ತದೆ, ಮತ್ತೆ ಬಾರದು. ಪ್ಯಾಡ್ ಕೂರುವ ಕ್ಲಿಪ್, ಸ್ಪ್ರಿಂಗ್, ಬೆನ್ನಿಗೆ ಅಂಟುವ ತೆಳು ತಗಡು (ಶಿಮ್) ಸೆಟ್ಟಿನಲ್ಲಿ ಇವೆಯೇ ನೋಡಿ. ಹಳೆಯ ಕ್ಲಿಪ್ ಮರುಬಳಕೆಯಿಂದಲೇ ಅರ್ಧಕ್ಕರ್ಧ ಕಿರುಗುಟ್ಟುವ ದೂರುಗಳು ಹುಟ್ಟುವುದು.

ಮುಂದೆ, ಹಿಂದೆ ಬೇರೆ ಬೇರೆ ಮಿಶ್ರಣ ಹಾಕುವ ಯೋಚನೆಯಿದ್ದರೆ ಒಂದು ಗೆರೆ ದಾಟಬೇಡಿ: ಹಿಂದಿನ ಪ್ಯಾಡಿನ ಹಿಡಿತ ಮುಂದಿನದಕ್ಕಿಂತ ಹೆಚ್ಚಿರಬಾರದು. ಮಳೆಯಲ್ಲಿ ಹಿಂದಿನ ಗಾಲಿ ಮೊದಲು ಕಟ್ಟಿಕೊಂಡರೆ ಕಾರು ಗಿರ್ರನೆ ತಿರುಗುತ್ತದೆ. ಎಬಿಎಸ್ ಅದನ್ನು ತಡೆಯಲು ನೋಡುತ್ತದೆ, ಆದರೆ ಆ ಭಾರವನ್ನು ಅದರ ಮೇಲೆ ಹಾಕುವುದು ಬೇಡ. ಒಂದೇ ಅಚ್ಚಿನ ಎಡಕ್ಕೊಂದು, ಬಲಕ್ಕೊಂದು ಬೇರೆ ಪ್ಯಾಡ್ ಯಾವ ಕಾರಣಕ್ಕೂ ಬೇಡ. ನಾಲ್ಕು ಪ್ಯಾಡಿನ ಪೂರ್ತಿ ಸೆಟ್ಟೇ ಬದಲಾಗಬೇಕು.

ಹಂತ 8: ಡೂಪ್ಲಿಕೇಟ್ ಗುರುತಿಸಿ, ಕೂರಿಸುವಾಗ ನೋಡಿಕೊಳ್ಳಿ

ಹಾಸನ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ವೇಗದ ಕಾರಿನ ಪ್ಯಾಡ್ ಸ್ಟಾಕ್ ಇರುವುದು ಅಪರೂಪ. ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಆನ್‌ಲೈನಿನಲ್ಲೋ ತರಿಸುತ್ತಾರೆ. ಪಾರ್ಸೆಲ್ ಬಿಚ್ಚುವಾಗ ವೀಡಿಯೊ ತೆಗೆಯಿರಿ, ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಅಸಲಿ ಪ್ಯಾಡಿನಲ್ಲಿ ಬ್ಯಾಚ್ ನಂಬರ್, ಘರ್ಷಣೆಯ ಕೋಡ್ ಅಥವಾ ಇ ಗುರುತು ಅಚ್ಚುಕಟ್ಟಾಗಿ ಮುದ್ರಿತವಾಗಿರುತ್ತದೆ. ಪೆಟ್ಟಿಗೆಯ ನಂಬರೂ ಪ್ಯಾಡಿನ ನಂಬರೂ ಒಂದೇ ಆಗಿರಬೇಕು. ಪದರ ಮತ್ತು ಪ್ಲೇಟಿನ ನಡುವೆ ಉಗುರು ಹೋಗುವಷ್ಟು ಬಿರುಕು ಕಂಡರೆ, ನಾಲ್ಕು ಪ್ಯಾಡಿನ ಬಣ್ಣ, ಕಣಗಳು ಬೇರೆಬೇರೆ ಇದ್ದರೆ, ಉಜ್ಜುವ ಮುಖದ ಮೇಲೂ ಪೇಂಟ್ ಹರಿದಿದ್ದರೆ ವಾಪಸ್ ಕಳಿಸಿ. ಪದರ ಕಳಚಿ ಬೀಳುವುದಕ್ಕಿಂತ ದೊಡ್ಡ ಅಪಾಯ ಪ್ಯಾಡಿನಲ್ಲಿ ಇಲ್ಲ.

ಕೂರಿಸುವುದು ಗ್ಯಾರೇಜಿನ ಕೆಲಸವಾದರೂ ಪಕ್ಕದಲ್ಲಿ ನಿಂತು ಇಷ್ಟನ್ನು ನೋಡಿಕೊಳ್ಳಿ. ಕ್ಯಾಲಿಪರನ್ನು ಬ್ರೇಕ್ ಪೈಪಿನಿಂದ ನೇತಾಡಲು ಬಿಡಬಾರದು, ತಂತಿಯಲ್ಲಿ ಕಟ್ಟಬೇಕು. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಆಯಿಲ್ ಡಬ್ಬಿ ತುಂಬಿ ಹರಿಯುತ್ತದೆ, ಮೊದಲೇ ಸ್ವಲ್ಪ ತೆಗೆದಿರಬೇಕು, ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರಿನಲ್ಲಿ ತೊಳೆಯಬೇಕು. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಹಿಂದಿನ ಪಿಸ್ಟನ್ನನ್ನು ಸ್ಕ್ಯಾನರ್‌ನಿಂದ ಸರ್ವಿಸ್ ಮೋಡಿಗೆ ಹಾಕಿಯೇ ಒತ್ತಬೇಕು, ಬಲವಂತ ಮಾಡಿದರೆ ಮೋಟರ್ ಮುರಿಯುತ್ತದೆ. ಜಾರುವ ಪಿನ್ನಿಗೆ ಸಿಲಿಕೋನ್ ಬ್ರೇಕ್ ಗ್ರೀಸ್ ಮಾತ್ರ. ಸಾದಾ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಉಜ್ಜುವ ಮುಖಕ್ಕೆ ಯಾವ ಗ್ರೀಸೂ ತಾಗಬಾರದು. ಗಾಲಿ ಬೋಲ್ಟನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಕಾರಿನ ಪುಸ್ತಕದ ಅಳತೆಗೆ ಬಿಗಿಯಬೇಕು, ಪೋಲೊಗೆ ಅದು 120 ನ್ಯೂಟನ್ ಮೀಟರ್.

ಹಳೆಯ ಡಿಸ್ಕ್ ಉಳಿಸಿಕೊಂಡು ಬೇರೆ ಮಿಶ್ರಣ ಹಾಕುತ್ತಿದ್ದರೆ ಡಿಸ್ಕಿನ ಮೇಲೆ ಹಳೆಯ ಪ್ಯಾಡ್ ಬಿಟ್ಟ ಪದರವನ್ನು ಗಾರ್ನೆಟ್ ಕಾಗದದಲ್ಲಿ ಉಜ್ಜಿ ತೆಗೆಸಿ. ಎರಡು ಮಿಶ್ರಣದ ಪದರ ಒಂದರ ಮೇಲೊಂದು ಕೂತರೆ ಸ್ಟೇರಿಂಗ್ ನಡುಗುತ್ತದೆ. ಆ ನಡುಕವನ್ನೇ ಡಿಸ್ಕ್ ಬೆಂಡಾಗಿದೆ ಎಂದು ಅನೇಕರು ತಿಳಿದು ಒಳ್ಳೆಯ ಡಿಸ್ಕನ್ನು ಎಸೆಯುತ್ತಾರೆ.

ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಇದನ್ನು ಮರೆತವರ ಕಾರು ಗ್ಯಾರೇಜಿನ ಗೇಟಿಗೇ ಗುದ್ದುತ್ತದೆ, ಮೊದಲ ತುಳಿತಕ್ಕೆ ಪೆಡಲ್ ನೆಲ ಮುಟ್ಟುತ್ತದೆ.

ಹಂತ 9: ಹೊಸ ಪ್ಯಾಡ್ ಪಳಗಿಸುವುದು

ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂತ ಮೇಲೆಯೇ ಪೂರ್ತಿ ಹಿಡಿತ ಬರುವುದು. ಒಣ ದಿನ, ಬೆಳಗಿನ ಜಾವ, ಹಿಂದೆ ಮುಂದೆ ವಾಹನವಿಲ್ಲದ ನೇರ ರಸ್ತೆ ಬೇಕು. ಚಿಕ್ಕಮಗಳೂರಿನವರಿಗೆ ಕಡೂರು ಕಡೆಯ ಬಯಲು, ಹಾಸನದವರಿಗೆ ಅರಸೀಕೆರೆ ಕಡೆಯ ರಸ್ತೆ ಅನುಕೂಲ. ಘಟ್ಟದಲ್ಲಿ ಈ ಕೆಲಸ ಬೇಡ, ಊರೊಳಗೂ ಬೇಡ.

ಪ್ಯಾಡ್ ತಯಾರಕರ ಸೂಚನೆ ಇದ್ದರೆ ಅದರಂತೆ ಮಾಡಿ. ಇಲ್ಲದಿದ್ದರೆ 60 ಕಿ.ಮೀ. ವೇಗದಿಂದ 10ಕ್ಕೆ, ಎಬಿಎಸ್ ಕೆಲಸ ಮಾಡದಷ್ಟು ಹದವಾದ ಒತ್ತಿನಲ್ಲಿ, ಹತ್ತು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ನಡುನಡುವೆ ಅರ್ಧ ನಿಮಿಷ ಓಡಿಸಿ. ಫಾಸ್ಟ್ ರೋಡ್ ಪ್ಯಾಡಾದರೆ ಆಮೇಲೆ 80ರಿಂದ 20ಕ್ಕೆ ಐದು ಸಲ. ಸ್ವಲ್ಪ ವಾಸನೆ, ತೆಳುವಾದ ಹೊಗೆ ಬಂದರೆ ಗಾಬರಿ ಬೇಡ. ಮುಗಿದ ಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಿಸಿ. ಬಿಸಿ ಡಿಸ್ಕಿನ ಮೇಲೆ ಪೆಡಲ್ ತುಳಿದುಕೊಂಡೇ ನಿಂತರೆ ಪ್ಯಾಡಿನ ಆಕಾರದಲ್ಲೇ ಕಲೆ ಅಚ್ಚಾಗುತ್ತದೆ, ನಡುಕ ಅಲ್ಲಿಂದಲೇ ಶುರು. ಬಿಸಿಯಿರುವಾಗ ಗಾಲಿಗೆ ನೀರು ಹೊಡೆಯುವುದೂ ಬೇಡ. ಮೊದಲ 300 ಕಿ.ಮೀ. ಘಟ್ಟ ಇಳಿಯದಿದ್ದರೆ ಒಳ್ಳೆಯದು.

ಹಂತ 10: ಆಮೇಲಿನ ತಪಾಸಣೆ

500 ಕಿ.ಮೀ. ಆದ ಮೇಲೆ ಗಾಲಿ ಬಿಚ್ಚಿ ನಾಲ್ಕೂ ಪ್ಯಾಡಿನ ದಪ್ಪ ಅಳೆದು ಬರೆದಿಡಿ. ಡಿಸ್ಕಿನ ಮೇಲೆ ಬೂದು ಬಣ್ಣದ ಸಮನಾದ ಪದರ ಕಾಣಬೇಕು. ಪಟ್ಟೆ ಪಟ್ಟೆಯಾಗಿದ್ದರೆ ಪಳಗಿಸುವುದು ಸರಿಯಾಗಿಲ್ಲ, ಮತ್ತೊಮ್ಮೆ ಮಾಡಿ.

ಮಳೆಗಾಲದಲ್ಲಿ ರಾತ್ರಿಯೆಲ್ಲ ನಿಂತ ಕಾರಿನ ಡಿಸ್ಕಿಗೆ ಕಿತ್ತಳೆ ಬಣ್ಣದ ತುಕ್ಕು ಕಟ್ಟುವುದು, ಬೆಳಗ್ಗೆ ಮೂರ್ನಾಲ್ಕು ಬ್ರೇಕಿಗೆ ಕರಕರ ಎನ್ನುವುದು ಸಹಜ. ಸದ್ದು ನಿಲ್ಲದೆ ಲೋಹ ಲೋಹಕ್ಕೆ ಉಜ್ಜಿದಂತೆ ಮುಂದುವರಿದರೆ, ಕಾರು ಒಂದು ಕಡೆಗೆ ಎಳೆದರೆ, ಒಂದು ಗಾಲಿ ಮಾತ್ರ ಕೈ ಹತ್ತಿರ ಒಯ್ಯಲಾಗದಷ್ಟು ಕಾದಿದ್ದರೆ, ಆಯಿಲ್ ಮಟ್ಟ ಇಳಿಯುತ್ತಲೇ ಇದ್ದರೆ, ಆವತ್ತೇ ತೋರಿಸಿ. ಕಾಫಿ ತೋಟದ ಮಣ್ಣುದಾರಿಯಲ್ಲಿ ಓಡಾಡಿದ ದಿನ ಕ್ಯಾಲಿಪರ್ ಸಂದಿಗೆ ನೀರು ಬಿಟ್ಟು ಕೆಸರು ತೊಳೆಯಿರಿ, ತೊಳೆದ ಮೇಲೆ ನಿಧಾನವಾಗಿ ಓಡಿಸುತ್ತ ಎರಡು ಮೂರು ಸಲ ಬ್ರೇಕ್ ಹಿಡಿದು ಒಣಗಿಸಿಯೇ ಕಾರು ಶೆಡ್ಡಿಗೆ ಹಾಕಿ. ಮುಂದಿನ ಅಳತೆ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು. ಅದರ ಮುಂದಿನದು ಅಕ್ಟೋಬರಿನಲ್ಲಿ, ಬ್ರೇಕ್ ಆಯಿಲ್ ಬದಲಿಸುವಾಗ.